ಮನೆಯಲ್ಲೇ ಹೊಲಿದ ಹ್ಯಾಮಕ್: ಬೆನ್ನು ಸಮ ಬರಬೇಕಾದರೆ ಜೋಲು ಬಿಡಿ

ಎರಡು ಮರಗಳ ನಡುವೆ ತೂಗುಹಾಕಿ ಮಲಗುವ ಬಟ್ಟೆಯ ಹಾಸಿಗೆಯೇ ಹ್ಯಾಮಕ್. ಅದನ್ನು ಬಿಗಿ ಕಟ್ಟಿದಷ್ಟೂ ಬೆನ್ನು ನೇರ ನಿಲ್ಲುತ್ತದೆ ಎಂದುಕೊಳ್ಳುವವರೇ ಹೆಚ್ಚು. ಆಗುವುದು ಉಲ್ಟಾ. ಬಿಗಿದ ಬಟ್ಟೆಯ ಅಂಚು ಎರಡೂ ಕಡೆಯಿಂದ ಭುಜ ಹಿಂಡುತ್ತದೆ, ಮಗ್ಗುಲು ತಿರುಗಿದರೆ ಮಗುಚುತ್ತದೆ. ಮಗುವಿನ ಸೀರೆ ಜೋಲಿ ಹೇಗೆ ಇಳಿಬಿದ್ದಿರುತ್ತದೋ ಹಾಗೆ ಇದಕ್ಕೂ ಜೋಲು ಬೇಕು. ಆಮೇಲೆ ಅದರಲ್ಲಿ ಓರೆಯಾಗಿ, ತಲೆ ಒಂದು ಪಕ್ಕ ಕಾಲು ಇನ್ನೊಂದು ಪಕ್ಕ ಇಟ್ಟು ಮಲಗಬೇಕು. ಬೆನ್ನು ಸಮವಾಗುವುದು ಆಗಲೇ.

ನಾನು ಹೊಲಿಯುವುದು 3.3 ಮೀಟರ್ ಉದ್ದ, 1.5 ಮೀಟರ್ ಅಗಲದ ನೈಲಾನ್ ಬಟ್ಟೆಯಲ್ಲಿ. ಛತ್ರಿ ಬಟ್ಟೆಯ ಹಾಗೆ ಒಳಗೆ ಲೇಪ ಇರುವುದು ಬೇಡ. ನಮ್ಮ ಕರಾವಳಿಯ ಸೆಕೆಗೆ ಬೆನ್ನೆಲ್ಲ ಬೆವರಿ ಅಂಟುತ್ತದೆ. ಬಟ್ಟೆಗೆ ಬಾಯಿ ಇಟ್ಟು ಊದಿದರೆ ಗಾಳಿ ಸ್ವಲ್ಪ ಆಚೆ ದಾಟಬೇಕು, ಅಂಗಡಿಯಲ್ಲಿ ಮಾಡುವ ಪರೀಕ್ಷೆ ಅಷ್ಟೇ. ಉದ್ದದ ಅಂಚನ್ನು ಒಂದೊಂದು ಸೆಂಟಿಮೀಟರ್‌ನಂತೆ ಎರಡು ಸಲ ಮಡಚಿ ಹೊಲಿಯಿರಿ. ಎರಡೂ ತುದಿಗಳನ್ನು ಐದು ಸೆಂಟಿಮೀಟರ್ ಮಡಚಿ, ಮೂರು ಸಾಲು ಹೊಲಿಗೆ ಹಾಕಿ. ದಾರ ಪಾಲಿಯೆಸ್ಟರ್ ಆಗಿರಲಿ. ಹತ್ತಿ ದಾರ ಒಂದು ಮಳೆಗಾಲ ತೇವದಲ್ಲಿ ಕೂತರೆ ಕುಂಬಾಗುತ್ತದೆ.

ಚಡ್ಡಿಗೆ ಲಾಡಿ ತೂರಿಸುವ ಹಾಗೆ ಆ ಮಡಿಕೆಯೊಳಗೆ 6 ಮಿಲಿಮೀಟರ್ ಪಾಲಿಯೆಸ್ಟರ್ ಹಗ್ಗದ ಕುಣಿಕೆ ತೂರಿಸಿ, ಅದರ ಒಂದು ತುದಿಯನ್ನು ಇನ್ನೊಂದರೊಳಗಿಂದ ಹಾಯಿಸಿ ಎಳೆದರೆ ಬಟ್ಟೆ ನೆರಿಗೆಯಾಗಿ ಬಿಗಿಯುತ್ತದೆ. ನೈಲಾನ್ ಹಗ್ಗ ಬೇಡ. ಅದು ಹಿಗ್ಗುತ್ತದೆ, ರಾತ್ರಿ ಮಲಗಿದವರು ಬೆಳಿಗ್ಗೆ ನೆಲ ಮುಟ್ಟಿರುತ್ತಾರೆ.

ಎರಡು ನೆರಿಗೆಗಳ ನಡುವೆ ಮೇಲಿಂದ ಹಾಯುವ ಒಂದು ಹಗ್ಗವೇ ಇಡೀ ಕೆಲಸದ ಗುಟ್ಟು. ಬಟ್ಟೆಯ ಉದ್ದದ ಶೇಕಡಾ 83ರಷ್ಟು, ಅಂದರೆ ಹೊಲಿದು ಮುಗಿದ 3.2 ಮೀಟರ್‌ಗೆ 2.65 ಮೀಟರ್. ಇದೊಂದು ಇದ್ದರೆ ಮರಗಳು ಹತ್ತಿರವಿರಲಿ ದೂರವಿರಲಿ, ಜೋಲು ಬದಲಾಗುವುದಿಲ್ಲ. ಮಲಗಿದಾಗ ಅದನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಬಾಗಿಸಲು ಬರಬೇಕು. ತಂಬೂರಿ ತಂತಿಯಂತೆ ಮಿಡಿದರೆ, ಹ್ಯಾಮಕ್ಕನ್ನು ಮರಕ್ಕೆ ಕಟ್ಟುವ ಪಟ್ಟಿ ಬಿಗಿಯಾಯಿತೆಂದೇ ಲೆಕ್ಕ.

ಪಟ್ಟಿಯ ಓರೆ ನೆಲಕ್ಕೆ 30 ಡಿಗ್ರಿ. ತೋರುಬೆರಳನ್ನು ನೆಲಕ್ಕೆ ಸಮವಾಗಿ ಚಾಚಿ, ಹೆಬ್ಬೆರಳನ್ನು ನೇರ ಮೇಲಕ್ಕೆ ಬಿಡಿಸಿ ಹಿಡಿದರೆ, ಅವುಗಳ ತುದಿಯಿಂದ ತುದಿಗೆ ಎಳೆದ ಗೆರೆಯ ಓರೆ ಹೆಚ್ಚುಕಡಿಮೆ ಅಷ್ಟೇ. 70 ಕಿಲೋ ತೂಕದವರು ಮಲಗಿದರೆ 30 ಡಿಗ್ರಿಯಲ್ಲಿ ಒಂದೊಂದು ಪಟ್ಟಿಗೆ ಬೀಳುವ ಎಳೆತ 70 ಕಿಲೋ. 15 ಡಿಗ್ರಿಯಲ್ಲಿ 135. 5 ಡಿಗ್ರಿಯಲ್ಲಿ 400. ಹೊಲಿಗೆ ಕಿತ್ತಿತು, ಹಗ್ಗ ಹರಿಯಿತು ಎನ್ನುವ ದೂರುಗಳ ಮೂಲ ಬಹುಪಾಲು ಇಲ್ಲೇ. ಮರಗಳ ನಡುವೆ ನಾಲ್ಕೂವರೆ ಮೀಟರ್ ಇದ್ದರೆ ಪಟ್ಟಿಯನ್ನು ಆರಡಿ ಎತ್ತರಕ್ಕೆ ಸುತ್ತಿ. ಕೂತಾಗ ಬಟ್ಟೆ ನೆಲದಿಂದ ಒಂದೂವರೆ ಅಡಿ, ಕುರ್ಚಿಯ ಎತ್ತರ. ಅದಕ್ಕಿಂತ ಮೇಲೆ ಕಟ್ಟುವುದು ಬರೀ ಶೋಕಿ.

ಪಟ್ಟಿಗೆ ಬ್ಯಾಗ್ ಹೊಲಿಯುವವರ ಹತ್ತಿರ ಸಿಗುವ ಟೇಪು ಸಾಲದು. ಲಾರಿ ಲೋಡು ಕಟ್ಟುವ ಪಾಲಿಯೆಸ್ಟರ್ ಪಟ್ಟಿ, ಒಂದೂವರೆ ಇಂಚು ಅಗಲದ್ದು, ಕಡೆಗೊಂದು ಮೂರು ಮೀಟರ್. ತೆಳು ಹಗ್ಗ ಮರದ ಸಿಪ್ಪೆ ಕೊರೆಯುತ್ತದೆ.

ಇನ್ನು ಮರ. ತೆಂಗು ಗಟ್ಟಿಯೇ, ಆದರೆ ಮೇಲಿಂದ ಕಾಯಿಯೋ ಮಡಲೋ ಬೀಳುವುದನ್ನು ಯಾರೂ ತಡೆಯಲಾರರು. ಕಂಗು, ಅಂದರೆ ಅಡಿಕೆ ಮರ, ಒಳಕ್ಕೆ ಬಾಗುತ್ತದೆ. ನುಗ್ಗೆ ಲಟಕ್ಕನೆ ಮುರಿಯುತ್ತದೆ. ಮಾವು, ಗೇರು ಆದರೆ ಮೊದಲು ಕೆಂಪಿರುವೆ ಗೂಡು ನೋಡಿ, ಪಟ್ಟಿಯ ಮೇಲೆ ಅವು ಸಾಲು ಬರುತ್ತವೆ. ಮಂಗಳೂರಿನ ತಣ್ಣೀರುಬಾವಿ ಕಡಲತೀರದ ಕಡೆಯ ಗಾಳಿಮರ ಒಳ್ಳೆಯದು, ಆದರೆ ಎರಡೂ ಅಂಗೈ ಸೇರಿಸಿ ಸುತ್ತಿದರೆ ಹಿಡಿತಕ್ಕೆ ಸಿಗುವಷ್ಟು ಸಣ್ಣದು ಬೇಡ. ಕಡಲ ಅಲೆ ಬೇರು ಕೊರೆದು ತೋರಿಸಿದ್ದೂ ಬೇಡ.

ಕಟ್ಟಿದ ಮೇಲೆ ಮೊದಲು ಎರಡೂ ಕೈಯಲ್ಲಿ ಒತ್ತಿ, ಆಮೇಲೆ ಕೂತು, ಕೊನೆಗೆ ಕಾಲು ಎತ್ತಿ. ಮಳೆ ಹನಿಯುವ ದಿನವಾದರೆ ಪಟ್ಟಿಗೆ ಒಂದು ಗೇಣು ಉದ್ದದ ಹತ್ತಿ ದಾರ ಕಟ್ಟಿ ಇಳಿಬಿಡಿ. ಮರದಿಂದ ಹರಿದು ಬರುವ ನೀರು ಬಟ್ಟೆ ಮುಟ್ಟುವ ಮೊದಲೇ ಅದರ ತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆ.