ಯಕ್ಷಗಾನದ ವಿಡಿಯೋ ಕೆಲಸಕ್ಕೆ ನಾನೇ ಜೋಡಿಸಿದ ಕಂಪ್ಯೂಟರ್: 60 ಸಾವಿರದಲ್ಲಿ ಏನೇನು ಕೊಂಡೆ, ಏಕೆ ಕೊಂಡೆ

ಶಿರಸಿ ಸುತ್ತಮುತ್ತ ನಡೆಯುವ ಆಟ, ತಾಳಮದ್ದಳೆಗಳನ್ನು ನಾನು ರೆಕಾರ್ಡ್ ಮಾಡಿ ಎಡಿಟ್ ಮಾಡುತ್ತೇನೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಒಂದು ಪ್ರಸಂಗ ಎಕ್ಸ್‌ಪೋರ್ಟ್ ಆಗಲು, ಅಂದರೆ ಎಡಿಟ್ ಮುಗಿದ ವಿಡಿಯೋ ಒಂದು ಫೈಲ್ ಆಗಿ ಹೊರಬರಲು, ಇಡೀ ರಾತ್ರಿ ಬೇಕಾಗುತ್ತಿತ್ತು, ಮಧ್ಯೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಅದಕ್ಕೇ 2024ರಲ್ಲಿ ಬಿಡಿಭಾಗ ಆರಿಸಿ ಡೆಸ್ಕ್‌ಟಾಪ್ ಜೋಡಿಸಿದೆ. ಯುಪಿಎಸ್ ಬಿಟ್ಟು 60 ಸಾವಿರ ರೂಪಾಯಿಯ ಮಿತಿ ಇಟ್ಟುಕೊಂಡಿದ್ದೆ. ಕೆಳಗೆ ಹೇಳುವ ಬೆಲೆಗಳೆಲ್ಲ ಆಗಿನವು, ಜಿಎಸ್‌ಟಿ ಸೇರಿ, ಹತ್ತಿರಹತ್ತಿರದ ಲೆಕ್ಕ.

ಬಹಳ ಜನ ಶುರು ಮಾಡುವುದೇ ಇಂಟೆಲ್ ಪ್ರೊಸೆಸರ್‌ಗಳಲ್ಲಿ "ಐ5 ತಗೊಳ್ಳಲಾ, ಐ7 ತಗೊಳ್ಳಲಾ" ಎಂಬ ಪ್ರಶ್ನೆಯಿಂದ. ನಾನು ಶುರು ಮಾಡಿದ್ದು ಫೈಲ್‌ಗಳ ಲೆಕ್ಕದಿಂದ. ನನ್ನ ಕ್ಯಾಮೆರಾ ಫುಲ್ ಎಚ್‌ಡಿಯಲ್ಲಿ ಸೆಕೆಂಡಿಗೆ 50 ಮೆಗಾಬಿಟ್ ಬರೆಯುತ್ತದೆ. ಅಂದರೆ ಗಂಟೆಗೆ ಸುಮಾರು 22 ಜಿಬಿ. ಬೆಳಗಿನವರೆಗೆ ನಡೆಯುವ 8 ಗಂಟೆಯ ಆಟವಾದರೆ 180 ಜಿಬಿ ಆಯಿತು. ಹಿಮ್ಮೇಳದ ಧ್ವನಿಯನ್ನು ಬೇರೆ ರೆಕಾರ್ಡರ್‌ನಲ್ಲಿ ಹಿಡಿಯುತ್ತೇನೆ, ಅದು ಗಂಟೆಗೆ ಒಂದು ಜಿಬಿ. ಈಗ ಕಾಲಮಿತಿಯ ಆಟಗಳೇ ಜಾಸ್ತಿ, ಆದರೂ ಲೆಕ್ಕ ಹಾಕುವಾಗ ದೊಡ್ಡದನ್ನೇ ಹಿಡಿಯಬೇಕು. ಈ ಒಂದು ಲೆಕ್ಕ ಕೈಯಲ್ಲಿದ್ದರೆ ಅರ್ಧ ಪಟ್ಟಿ ತಾನಾಗಿ ತಯಾರಾಗುತ್ತದೆ. ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದು ಸುಮ್ನೆ ಜಾಹೀರಾತಿನ ಅಂಕಿ ಅಂತ ಗೊತ್ತಾಗುತ್ತದೆ.

ಅದರ ಜೊತೆಗೆ ಇನ್ನೊಂದು ನಿಯಮ ಮಾಡಿಕೊಂಡೆ. ಆಮೇಲೆ ಬದಲಾಯಿಸುವುದು ಕಷ್ಟವಾದದ್ದಕ್ಕೆ ಈಗಲೇ ಒಳ್ಳೆಯ ಬೆಲೆ ಕೊಡುವುದು. ಆಮೇಲೆ ಸೇರಿಸಬಹುದಾದದ್ದನ್ನು ಮುಂದಕ್ಕೆ ಹಾಕುವುದು. ಮದರ್‌ಬೋರ್ಡ್, ಪವರ್ ಸಪ್ಲೈ, ಮಾನಿಟರ್ ಮೊದಲ ಗುಂಪು. ರ್‍ಯಾಮ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಎರಡನೆಯದು.

ಪ್ರೊಸೆಸರ್ ವಿಷಯದಲ್ಲಿ ಮೊದಲು ಒಂದು ಎಚ್ಚರಿಕೆ. "ಐ7 ಫುಲ್ ಸೆಟ್, 16 ಜಿಬಿ ರ್‍ಯಾಮ್, ಬಣ್ಣದ ಲೈಟಿನ ಕ್ಯಾಬಿನೆಟ್" ಅಂತ ಅಗ್ಗದ ಜಾಹೀರಾತು ಎಲ್ಲೆಡೆ ಕಾಣುತ್ತದೆ. ಒಳಗಿರುವುದು ಹೆಚ್ಚಾಗಿ ಎರಡನೇ ಅಥವಾ ಮೂರನೇ ತಲೆಮಾರಿನ ಐ7. ಐ7-2600 ಬಂದದ್ದು 2011ರಲ್ಲಿ, ಐ7-3770 ಬಂದದ್ದು 2012ರಲ್ಲಿ. ಅವಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಐ7 ಎಂಬ ಹೆಸರನ್ನು ನೋಡಬೇಡಿ, ಅದರ ಪಕ್ಕದ ನಂಬರನ್ನು ಪೂರ್ತಿ ಓದಿ.

ನನ್ನ ಮುಂದೆ ಕೊನೆಗೆ ಉಳಿದದ್ದು ಎರಡು: ಎಎಂಡಿಯ ರೈಜನ್ 5 5600ಜಿ ಮತ್ತು ಇಂಟೆಲ್‌ನ ಐ5-12400. ಎರಡರಲ್ಲೂ 6 ಕೋರ್, 12 ಥ್ರೆಡ್. ಎರಡರಲ್ಲೂ ಗ್ರಾಫಿಕ್ಸ್ ಒಳಗೇ ಇದೆ. ಮನೆಯಲ್ಲಿ ಮಕ್ಕಳು ಗೇಮ್ ಆಡುವುದಿದ್ದರೆ 5600ಜಿ ಒಳಗಿನ ವೇಗಾ ಗ್ರಾಫಿಕ್ಸ್ ಮೇಲು, ಅದನ್ನೇ ತಗೊಳ್ಳಿ ಅನ್ನುತ್ತೇನೆ. ನನಗೆ ಬೇಕಾದದ್ದು ವಿಡಿಯೋ. ಇಂಟೆಲ್‌ನಲ್ಲಿ ಕ್ವಿಕ್ ಸಿಂಕ್ ಅಂತ ವಿಡಿಯೋ ಕೆಲಸಕ್ಕೇ ಮೀಸಲಾದ ಭಾಗ ಇದೆ, ಹೊಸ ಫೋನ್‌ಗಳು ಮಾಡುವ ಎಚ್‌ಇವಿಸಿ (ವಿಡಿಯೋವನ್ನು ಚಿಕ್ಕದಾಗಿ ಒತ್ತಿಡುವ ಒಂದು ವಿಧಾನ) ಫೈಲ್‌ಗಳನ್ನೂ ಅದು ಸಲೀಸಾಗಿ ಬಿಚ್ಚುತ್ತದೆ. ಸುಮಾರು 14 ಸಾವಿರ ಕೊಟ್ಟು 12400 ತಗೊಂಡೆ. ಹೆಸರಿನ ಕೊನೆಗೆ ಎಫ್ ಇರುವ 12400ಎಫ್ ಆಗ ಇನ್ನೂ ಕೆಲವು ಸಾವಿರ ಅಗ್ಗವಿತ್ತು, ಆದರೆ ಅದರಲ್ಲಿ ಗ್ರಾಫಿಕ್ಸೂ ಇಲ್ಲ, ಕ್ವಿಕ್ ಸಿಂಕೂ ಇಲ್ಲ. ಕಾರ್ಡ್ ಹಾಕದಿದ್ದರೆ ಪರದೆಯೇ ಬೆಳಗುವುದಿಲ್ಲ. ಎರಡು ಮೂರು ಕ್ಯಾಮೆರಾದ ವಿಡಿಯೋ ಒಟ್ಟಿಗೆ ಇಟ್ಟು ಕತ್ತರಿಸುವವರು ಸ್ವಲ್ಪ ಜಾಸ್ತಿ ಕೊಟ್ಟು ಐ5-12500 ನೋಡಬಹುದು. ಅದರ ಯುಎಚ್‌ಡಿ 770 ಗ್ರಾಫಿಕ್ಸ್‌ನಲ್ಲಿ ವಿಡಿಯೋ ಎಂಜಿನ್ ಎರಡಿವೆ, 12400ರ ಯುಎಚ್‌ಡಿ 730ರಲ್ಲಿ ಒಂದೇ.

ಎಡಿಟಿಂಗ್‌ಗೆ ಶಾಟ್‌ಕಟ್ ಬಳಸುತ್ತೇನೆ, ಉಚಿತ. ಅದರಲ್ಲಿ ಹಾರ್ಡ್‌ವೇರ್ ಎನ್‌ಕೋಡರ್ (ವಿಡಿಯೋವನ್ನು ಕುಗ್ಗಿಸಿ ಫೈಲ್ ಮಾಡುವ ಭಾಗ) ಆನ್ ಮಾಡಿದರೆ ಎಕ್ಸ್‌ಪೋರ್ಟ್ ಕ್ವಿಕ್ ಸಿಂಕ್ ಮೂಲಕ ಬೇಗ ಮುಗಿಯುತ್ತದೆ. ಅಷ್ಟೇ ಬಿಟ್‌ರೇಟ್‌ನಲ್ಲಿ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಲೆಕ್ಕ) ಪ್ರೊಸೆಸರ್ ಒಂದೇ ನಿಧಾನವಾಗಿ ಮಾಡುವ ಎನ್‌ಕೋಡ್ ಇನ್ನೂ ಚೊಕ್ಕ ಬರುತ್ತದೆ, ನಿಜ. ಯಕ್ಷಗಾನದಲ್ಲಂತೂ ಇದು ಕಣ್ಣಿಗೆ ಕಾಣುತ್ತದೆ. ವೇಷದ ತುಂಬ ಮಣಿ, ಕನ್ನಡಿ ಚೂರು, ಅದರ ಜೊತೆಗೆ ಮಂಡಿ ಹಾಕಿ ಗಿರಗಿರ ತಿರುಗುವ ಕುಣಿತ ಬಂದಾಗ ಬಿಟ್‌ರೇಟ್ ಸಾಲದಿದ್ದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಅದಕ್ಕೇ ಬಿಟ್‌ರೇಟ್ ಏರಿಸಿ ಎಕ್ಸ್‌ಪೋರ್ಟ್ ಮಾಡುತ್ತೇನೆ. ಫೈಲ್ ದೊಡ್ಡದಾದರೂ ಕುಣಿತ ಹಾಳಾಗುವುದಿಲ್ಲ. ಡಾವಿಂಚಿ ರಿಸಾಲ್ವ್ ಬಳಸುವವರ ಲೆಕ್ಕ ಬೇರೆ. ಅದು ಗ್ರಾಫಿಕ್ಸ್ ಕಾರ್ಡ್ ಮೇಲೆ ನಿಂತಿರುವ ಸಾಫ್ಟ್‌ವೇರ್, ಕಾರ್ಡಿಗೆ ಮೊದಲೇ ದುಡ್ಡು ತೆಗೆದಿಡಬೇಕು.

ಮದರ್‌ಬೋರ್ಡ್‌ಗೆ ಅಂಗಡಿಯವರು ಎಲ್ಲರಿಗೂ ತೋರಿಸುವುದು ಎಚ್610. ಆಫೀಸು, ಟೈಪಿಂಗ್ ಕೆಲಸಕ್ಕೆ ಅದು ಧಾರಾಳ ಸಾಕು. ಆದರೆ ಅದರಲ್ಲಿ ಸಾಮಾನ್ಯವಾಗಿ ರ್‍ಯಾಮ್ ಸ್ಲಾಟ್ ಎರಡೇ, ಎಂ.2 ಜಾಗ (ಎಸ್‌ಎಸ್‌ಡಿ ಕೂರಿಸುವ ಸ್ಲಾಟ್) ಒಂದೇ. ನಾನು ನಾಲ್ಕು ರ್‍ಯಾಮ್ ಸ್ಲಾಟ್ ಮತ್ತು ಎರಡು ಎಂ.2 ಇರುವ ಬಿ660 ಬೋರ್ಡ್ ತಗೊಂಡೆ, 10 ಸಾವಿರದಷ್ಟಾಯಿತು. ಸುಮಾರು 4 ಸಾವಿರ ಹೆಚ್ಚು. ಅದಕ್ಕೆ ಸಿಕ್ಕಿದ್ದು ಮುಂದೆ ಸೇರಿಸಲು ಜಾಗ. ಇದೇ ಸಾಕೆಟ್‌ನಲ್ಲಿ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) 13, 14ನೇ ತಲೆಮಾರಿನ ಪ್ರೊಸೆಸರ್ ಕೂಡ ಕೂರುತ್ತದೆ, ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕಾಗಬಹುದು ಅಷ್ಟೇ. ಹಿಂದಿನ ತಲೆಮಾರಿನ ಮೆಮೊರಿಯ ಡಿಡಿಆರ್4 ಬೋರ್ಡನ್ನೇ ಆರಿಸಿದೆ, ಆಗ ಹೊಸ ತಲೆಮಾರಿನ ಡಿಡಿಆರ್5 ಕೇಳುತ್ತಿದ್ದ ಹೆಚ್ಚಿನ ಬೆಲೆಗೆ ತಕ್ಕ ಲಾಭ ನನ್ನ ಕೆಲಸದಲ್ಲಿ ಇರಲಿಲ್ಲ.

ರ್‍ಯಾಮ್ 8 ಜಿಬಿಯ ಎರಡು ಪಟ್ಟಿ (ಸ್ಟಿಕ್), ಮೂರೂವರೆ ಸಾವಿರ. 16ರ ಒಂದೇ ಪಟ್ಟಿ ಬೇಡ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ಎರಡು ಪಟ್ಟಿ ಇದ್ದರೆ ಡ್ಯುಯಲ್ ಚಾನೆಲ್ ಆಗಿ ದಾರಿ ಅಗಲವಾಗುತ್ತದೆ. ಈಗ ಕೊಳ್ಳುವವರಿಗೆ ಒಂದು ಮಾತು: 2025ರ ಕೊನೆಯಿಂದ ರ್‍ಯಾಮ್ ಬೆಲೆ ವಿಪರೀತ ಏರಿದೆ, ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೋಗುತ್ತಿರುವುದೇ ಕಾರಣ. ನನ್ನ ಆಗಿನ ಬೆಲೆ ಈಗ ಸಿಗುವುದಿಲ್ಲ. ಬೇರೆಲ್ಲ ಆರಿಸುವ ಮೊದಲು ರ್‍ಯಾಮ್ ಬೆಲೆ ವಿಚಾರಿಸಿ. ಹಳೇ ಡಿಡಿಆರ್4 ಪಟ್ಟಿ ಗೆಳೆಯರ ಹತ್ತಿರ ಇದ್ದರೆ ಅದಕ್ಕೆ ಹೊಂದುವ ಬೋರ್ಡನ್ನೇ ಹುಡುಕುವುದೂ ಈಗ ಬುದ್ಧಿವಂತಿಕೆಯೇ.

ಎಸ್‌ಎಸ್‌ಡಿಯಲ್ಲಿ ಫೈಲ್ ಲೆಕ್ಕ ಕೆಲಸಕ್ಕೆ ಬಂತು. ಸೆಕೆಂಡಿಗೆ 7000 ಎಂಬಿ ವೇಗ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ನನ್ನ ಯುಎಚ್‌ಎಸ್-1 ಮೆಮೊರಿ ಕಾರ್ಡಿನ ವೇಗ 104 ಎಂಬಿ ದಾಟುವುದೇ ಇಲ್ಲ. 50 ಮೆಗಾಬಿಟ್ ವಿಡಿಯೋ ಓಡಲು ಸೆಕೆಂಡಿಗೆ 6 ಎಂಬಿ ಚಿಲ್ಲರೆ ಸಾಕು. ಹಾಗಾಗಿ ಸೆಕೆಂಡಿಗೆ 3500 ಎಂಬಿ ವೇಗದ ಜೆನ್3 ಎನ್‌ವಿಎಂಇ (ಎಂ.2 ಜಾಗದಲ್ಲಿ ಕೂರುವ ಎಸ್‌ಎಸ್‌ಡಿ) ತಗೊಂಡೆ, 1 ಟಿಬಿ, ಐದೂವರೆ ಸಾವಿರ. ವೇಗಕ್ಕಿಂತ ನಾನು ನೋಡಿದ್ದು ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಚಿಪ್) ಹೌದೋ ಅಲ್ಲವೋ ಅಂತ. ಒಂದು ಕೋಶದಲ್ಲಿ ನಾಲ್ಕು ಬಿಟ್ ತುರುಕುವ ಅಗ್ಗದ ಕ್ಯೂಎಲ್‌ಸಿ ಡ್ರೈವ್‌ಗಳು ಸ್ವಲ್ಪ ಹೊತ್ತು ವೇಗವಾಗಿ ಬರೆದು, ಕ್ಯಾಶ್ (ವೇಗವಾಗಿ ಬರೆಯಲು ಇಟ್ಟ ತಾತ್ಕಾಲಿಕ ಜಾಗ) ತುಂಬಿದ ಮೇಲೆ ಹಾರ್ಡ್ ಡಿಸ್ಕ್‌ನಷ್ಟು ನಿಧಾನವಾಗುತ್ತವೆ. ಒಂದೇ ಸಲ 180 ಜಿಬಿ ಬರೆಯುವವನಿಗೆ ಅದು ಆಗದು. ನನ್ನದರ ಬಾಳಿಕೆ 600 ಟಿಬಿ ಬರವಣಿಗೆ ಅಂತ ಕಂಪನಿ ಹೇಳುತ್ತದೆ. ಒಂದು ಆಟಕ್ಕೆ 200 ಜಿಬಿ ಅಂತ ಹಿಡಿದರೂ 3000 ಆಟ ಆಯಿತು, ಸಾಕಲ್ವಾ.

ಸಂಗ್ರಹಕ್ಕೆ 4 ಟಿಬಿ ಹಾರ್ಡ್ ಡಿಸ್ಕ್, 9 ಸಾವಿರ. ಇಡೀ ರಾತ್ರಿಯ ಕಚ್ಚಾ ಫೈಲ್ ಆದರೆ 22 ಆಟಕ್ಕೇ ತುಂಬುತ್ತದೆ. ಮುಗಿಸಿದ ವಿಡಿಯೋ ಮತ್ತು ಹಿಮ್ಮೇಳದ ಮೂಲ ಧ್ವನಿ ಮಾತ್ರ ಇಟ್ಟುಕೊಳ್ಳುತ್ತೇನೆ. ಹಿರಿಯ ಭಾಗವತರೊಬ್ಬರ ಧ್ವನಿ ಮತ್ತೆ ಸಿಗುತ್ತದೆ ಅಂತ ಹೇಳಲಾಗದು, ಅದನ್ನು ಯಾವತ್ತೂ ಅಳಿಸುವುದಿಲ್ಲ. ಡಿಸ್ಕ್ ಬಂದ ಕೂಡಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್ ಹಾಕಿ ಎಷ್ಟು ಗಂಟೆ ಓಡಿದೆ ಅಂತ ನೋಡಿ. ಬಳಸಿದ್ದನ್ನು ಹೊಸದು ಅಂತ ಮಾರುವುದುಂಟು.

ಇನ್ನು ಪವರ್ ಸಪ್ಲೈ. ನಮ್ಮೂರಿನಂಥ ಕಡೆ ಕಂಪ್ಯೂಟರ್ ಉಳಿಯುವುದು, ಸಾಯುವುದು ನಿಂತಿರುವುದೇ ಇದರ ಮೇಲೆ. ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗಿ ಬರುತ್ತದೋ ಲೆಕ್ಕ ಇಲ್ಲ, ವೋಲ್ಟೇಜು ಏರುತ್ತಿಳಿಯುತ್ತದೆ, ಏಪ್ರಿಲ್–ಮೇ ತಿಂಗಳಲ್ಲಿ ಸಿಡಿಲು. ಒಂದು ಅಂಗಡಿಯಲ್ಲಿ ಕ್ಯಾಬಿನೆಟ್ ಜೊತೆಗೇ 450 ವ್ಯಾಟ್ ಸಪ್ಲೈ ಉಚಿತ ಅಂದರು. ಕೈಯಲ್ಲಿ ಹಿಡಿದರೆ ಹಗುರ, ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲಿನಲ್ಲಿ ಬರೆದ ಆಂಪಿಯರ್ ಗುಣಿಸಿದರೆ 200 ವ್ಯಾಟ್ ಕೂಡ ಆಗುವುದಿಲ್ಲ. ಈ ಚೀಟಿಯನ್ನು ಓದಲು ಎಲ್ಲರೂ ಕಲಿಯಬೇಕು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಕುಡಿಯುವುದು 12 ವೋಲ್ಟ್ ಸಾಲಿನಿಂದ. ಅಲ್ಲಿ 45 ಆಂಪಿಯರ್ ಇದ್ದರೆ 540 ವ್ಯಾಟ್ ಅಂತ ಅರ್ಥ. ನಾನು 80 ಪ್ಲಸ್ ಬ್ರಾಂಜ್ 550 ವ್ಯಾಟ್‌ನದು ತಗೊಂಡೆ, ನಾಲ್ಕೂವರೆ ಸಾವಿರ. ಬ್ರಾಂಜ್ ಅನ್ನುವುದು ವಿದ್ಯುತ್ ಎಷ್ಟು ಉಳಿಯುತ್ತದೆ ಅನ್ನುವುದಕ್ಕೆ ಕೊಡುವ ಅಂಕ ಮಾತ್ರ. ವೋಲ್ಟೇಜು ಏರಿದಾಗ, ಶಾರ್ಟ್ ಆದಾಗ ತಾನೇ ಆಫ್ ಆಗುವ ರಕ್ಷಣೆ ಇದೆಯೋ ಅಂತ ಬೇರೆಯೇ ನೋಡಬೇಕು. 12400 ಹೆಚ್ಚೆಂದರೆ 117 ವ್ಯಾಟ್ ಎಳೆಯುತ್ತದೆ, ಇಷ್ಟು ದೊಡ್ಡ ಸಪ್ಲೈ ಇವತ್ತು ಬೇಕಿಲ್ಲ. ಮುಂದೆ ಕಾರ್ಡ್ ಹಾಕುವ ದಿನಕ್ಕೆ ಇದನ್ನು ಮತ್ತೆ ಬಿಚ್ಚುವುದು ಬೇಡ ಅಂತ ತಗೊಂಡದ್ದು.

ಯುಪಿಎಸ್ 600 ವಿಎ, ಅಂದರೆ 360 ವ್ಯಾಟ್. ಒಳ್ಳೆಯ ಸಪ್ಲೈಗಳಲ್ಲಿ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಅದರ ಅಲೆಗೆ ಹೊಂದಿಸಿ ಎಳೆಯುವ ಸರ್ಕ್ಯೂಟ್) ಇರುತ್ತದೆ, ಕೆಲವು ಅಗ್ಗದ ಯುಪಿಎಸ್‌ಗಳ ಬ್ಯಾಟರಿಯಿಂದ ಬರುವ ಒರಟು ಅಲೆ ಅದಕ್ಕೆ ಒಗ್ಗುವುದಿಲ್ಲ, ಕರೆಂಟು ಹೋದ ಕ್ಷಣವೇ ಕಂಪ್ಯೂಟರೂ ಆಫ್ ಆಗುತ್ತದೆ. ಆದ್ದರಿಂದ ವಿಂಡೋಸ್ ಹಾಕುವ ಮೊದಲೇ ಬಯೋಸ್ ಪರದೆಯಲ್ಲಿಟ್ಟು ಗೋಡೆಯ ಸ್ವಿಚ್ ಆಫ್ ಮಾಡಿ ಪರೀಕ್ಷಿಸಿ. ಒಂದೆರಡು ಸಲ ಅಲ್ಲ, ಹಲವು ಸಲ. ನಂತರ ಎಕ್ಸ್‌ಪೋರ್ಟ್ ನಡೆಯುವಾಗಲೂ ಒಮ್ಮೆ ಮಾಡಿ, ಆಗ ಎಳೆತ ಜಾಸ್ತಿ ಇರುತ್ತದೆ.

ಇಷ್ಟೆಲ್ಲ ಇದ್ದೂ ಅರ್ಥಿಂಗ್ ಇಲ್ಲದಿದ್ದರೆ ಪ್ರಯೋಜನವಿಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಜುಂ ಅನ್ನುತ್ತದೆಯೇ? ಅದು ಅರ್ಥಿಂಗ್ ಸರಿ ಇಲ್ಲ ಅನ್ನುವ ಸೂಚನೆ. ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸಣ್ಣ ಸೋರಿಕೆಯನ್ನು ಅರ್ಥಿಗೆ ಕಳಿಸುತ್ತವೆ, ದಾರಿ ಇಲ್ಲದಿದ್ದರೆ ಅದು ಕ್ಯಾಬಿನೆಟ್ ಮೇಲೆಯೇ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್–ಅರ್ಥ್ ನಡುವಿನ ವೋಲ್ಟೇಜ್ ಅಳೆಸಿದೆ, ಮೂರು ಪಿನ್ನಿನ ಸಾಕೆಟ್‌ಗೆ ಹೊಸ ಅರ್ಥ್ ತಂತಿ ಎಳೆಸಿದೆ. ಸಿಡಿಲಿಗೆ ಮಾತ್ರ ಯಾವ ಯುಪಿಎಸ್ಸೂ ತಡೆಯಲ್ಲ. ಗುಡುಗು ಕೇಳಿದರೆ ಪ್ಲಗ್ ಕೀಳಬೇಕು, ನೆಟ್‌ವರ್ಕ್ ಕೇಬಲ್ಲನ್ನೂ ಕೀಳಬೇಕು. ಪ್ಲಗ್ ಕಿತ್ತು ಕೇಬಲ್ ಮರೆತವರ ಬೋರ್ಡ್ ಸುಟ್ಟದ್ದನ್ನು ನೋಡಿದ್ದೇನೆ.

ಮಾನಿಟರ್ 24 ಇಂಚಿನ ಐಪಿಎಸ್ (ಬದಿಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಪರದೆ), ಫುಲ್ ಎಚ್‌ಡಿ, ಒಂಬತ್ತೂವರೆ ಸಾವಿರ. ಎಸ್‌ಆರ್‌ಜಿಬಿ (ಪರದೆಗಳಿಗೆ ಗೊತ್ತುಮಾಡಿದ ಬಣ್ಣಗಳ ವ್ಯಾಪ್ತಿ) 99 ಶೇಕಡಾ ಅಂತ ವಿವರದಲ್ಲಿ ಇರುವುದನ್ನೇ ಆರಿಸಿದೆ. ಬಣ್ಣದ ವೇಷದ ಕೆಂಪು, ಹಸಿರು ಪರದೆಯಲ್ಲಿ ಮಂಕಾದರೆ ನಾನು ಅದನ್ನು ಸುಮ್ನೆ ಏರಿಸುತ್ತಾ ಹೋಗುತ್ತೇನೆ, ನೋಡುವವರ ಫೋನಿನಲ್ಲಿ ಕಣ್ಣು ಚುಚ್ಚುತ್ತದೆ. ಕ್ಯಾಬಿನೆಟ್ 3 ಸಾವಿರ, ಮುಂದೆ ಜಾಲರಿ, ಹಿಂದೆ ಫ್ಯಾನ್. ಖಾಲಿ ಸ್ಲಾಟ್‌ಗಳ ತಗಡನ್ನು ತೆಗೆಯಬೇಡಿ, ಹಲ್ಲಿ, ಇರುವೆ ಒಳಗೆ ಹೋಗುತ್ತವೆ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಾ ಸ್ವಲ್ಪ ಹೊತ್ತು ಓಡಿಸಿ, ಒಳಗೆ ತೇವ ಕೂರುವುದಿಲ್ಲ.

ಕೆಲವನ್ನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಉಳಿದದ್ದನ್ನು ಹುಬ್ಬಳ್ಳಿಯಲ್ಲಿ ಕೊಂಡೆ. ಎಲ್ಲ ಒಂದೇ ಅಂಗಡಿಯಲ್ಲಿ ಕೊಂಡರೆ ಚೌಕಾಸಿಗೆ ಅನುಕೂಲ, ನಿಜ. ಆದರೆ ಪವರ್ ಸಪ್ಲೈ, ಮಾನಿಟರ್ ಕೆಟ್ಟರೆ ಬೆಂಗಳೂರಿಗೆ ಹೊರುವುದು ಕಷ್ಟ, ಅವನ್ನು ಹತ್ತಿರದಲ್ಲೇ ಕೊಳ್ಳಿ. ಜಿಎಸ್‌ಟಿ ಬಿಲ್ ಬೇಕೇ ಬೇಕು, ಅದರಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ಪ್ರೊಸೆಸರ್ ಬಾಕ್ಸ್‌ನಲ್ಲಿ ಬಂದದ್ದೇ ಆಗಿರಲಿ, 3 ವರ್ಷದ ವಾರಂಟಿ ಮತ್ತು ಫ್ಯಾನ್ ಅದರ ಜೊತೆ ಬರುತ್ತದೆ. ಟ್ರೇ ಅಂತ ಬಿಡಿಯಾಗಿ ಕೊಡುವುದರಲ್ಲಿ ಇವೆರಡಕ್ಕೂ ಖಾತ್ರಿ ಇಲ್ಲ.

ಜೋಡಿಸುವುದು ಹೆದರುವಷ್ಟು ಕಷ್ಟದ ಕೆಲಸ ಅಲ್ಲ. ಪ್ರೊಸೆಸರ್ ಸಾಕೆಟ್‌ನ ಪಿನ್ನುಗಳನ್ನು ಬೆರಳಿನಿಂದ ಮುಟ್ಟಬೇಡಿ. ಫ್ಯಾನ್ ತಳದಲ್ಲಿ ಶಾಖ ಸಾಗಿಸುವ ಪೇಸ್ಟ್ ಮೊದಲೇ ಹಚ್ಚಿರುತ್ತದೆ. ಎರಡು ರ್‍ಯಾಮ್ ಪಟ್ಟಿಯನ್ನು ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ, ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಪಟ್ಟಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ದರೆ 3200ರ ವೇಗಕ್ಕೆ ದುಡ್ಡು ಕೊಟ್ಟ ಪಟ್ಟಿ ಎಷ್ಟೋ ಸಲ ಅದಕ್ಕಿಂತ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ.

ಮುಂದೆ ದುಡ್ಡು ಕೂಡಿದಾಗ ನಾನು ಮೊದಲು ಕೊಳ್ಳುವುದು ಇನ್ನೊಂದು 4 ಟಿಬಿ ಡಿಸ್ಕ್. ಅದು ಕ್ಯಾಬಿನೆಟ್ ಒಳಗೆ ಇರುವುದಿಲ್ಲ. ವಾರಕ್ಕೊಮ್ಮೆ ನಕಲು ಮಾಡಿ ಕಿತ್ತು ಬೇರೆ ಮನೆಯಲ್ಲಿ ಇಡುತ್ತೇನೆ. ಆಮೇಲೆ ಬೆಲೆ ಇಳಿದರೆ ರ್‍ಯಾಮ್. ಗ್ರಾಫಿಕ್ಸ್ ಕಾರ್ಡ್ ಪಟ್ಟಿಯ ಕೊನೆಗಿದೆ, ಶಾಟ್‌ಕಟ್‌ನಲ್ಲೇ ಕೆಲಸ ನಡೆಯುವವರೆಗೆ ಅದರ ಅಗತ್ಯ ಇಲ್ಲ.