ಸಹಿ ಸರಿಯಿತ್ತು, ಒಳಗೆ ಬಂದವನು ಬೇರೆ

ಸ್ಯಾಮಲ್ (ಒಂದೇ ಲಾಗಿನ್‌ನಲ್ಲಿ ಹಲವು ಆ್ಯಪಿಗೆ ಒಳಬಿಡುವ ಪದ್ಧತಿ) ಲಾಗಿನ್ ದಾಟೋಕೆ ಇನ್ನೊಬ್ಬರ ಪಾಸ್‌ವರ್ಡ್ ಬೇಕಿಲ್ಲ ಅಂತ ನಾನು ಅಂದಾಗ ನಮ್ಮಲ್ಲಿ ಯಾರೂ ನಂಬಲಿಲ್ಲ. ‘ಲಾಗಿನ್ ಸರ್ವರಿನ ಡಿಜಿಟಲ್ ಸಹಿ ಚೆಕ್ ಆಗುತ್ತಲ್ಲ, ಇನ್ನೇನು?’ ಅಂದರು. ನಮ್ಮದು ದಾವಣಗೆರೆಯ ಒಂದು ಶಿಕ್ಷಣ ಸಂಸ್ಥೆ. ಹಾಜರಿ, ಫೀಸು, ಲೈಬ್ರರಿ ಎಲ್ಲಕ್ಕೂ ಒಂದೇ ಲಾಗಿನ್. ಹೊರಗಿನವರಿಂದ ಭದ್ರತಾ ಪರೀಕ್ಷೆ ಮಾಡಿಸಲು ಮೂರು ಲಕ್ಷದ ಆಸುಪಾಸು ಕೇಳಿದ್ದರು. ಆಡಳಿತ ಮಂಡಳಿ ‘ನೋಡೋಣ’ ಅಂದಿತು. ನೋಡೋಣ ಅಂದ್ರೆ ಆಗಲ್ಲ ಅಂತ, ಅಲ್ವಾ?

ಅನುಮತಿ ಪತ್ರ ಬರೆಸಿಕೊಂಡು ನಾನೇ ಕೂತೆ. ಪಿ.ಜೆ. ಬಡಾವಣೆಯಲ್ಲಿ ಹಳೇ ಡೆಸ್ಕ್‌ಟಾಪ್ ಸಿಕ್ಕಿತು, ಎಂಟೊಂಬತ್ತು ಸಾವಿರ. ಲಾಗಿನ್ ಸರ್ವರಾಗಿ ಕೆಲಸ ಮಾಡುವ ಕೀಕ್ಲೋಕ್ ಹಾಕಿ, ಪಕ್ಕದಲ್ಲೇ ಫೀಸು ಆ್ಯಪಿನ ನಕಲು ನಿಲ್ಲಿಸಿದೆ. ಶುರುವಲ್ಲಿ ಸರಿಯಾದ ರೆಸ್ಪಾನ್ಸ್ (‘ಇವರು ಇಂಥವರು’ ಅಂತ ಲಾಗಿನ್ ಸರ್ವರ್ ಸಹಿ ಹಾಕಿ ಕಳಿಸುವ ಎಕ್ಸ್‌ಎಂಎಲ್ ಪತ್ರ) ಕೂಡ ‘ಅವಧಿ ಮುಗಿದಿದೆ’ ಅಂತ ಬೀಳುತ್ತಿತ್ತು. ಮದರ್‌ಬೋರ್ಡಿನ ಬ್ಯಾಟರಿ ಸತ್ತು ಗಡಿಯಾರ ದಿಕ್ಕು ತಪ್ಪಿತ್ತು. ನಲವತ್ತು ರೂಪಾಯಿಯ ಸೆಲ್‌ಗಾಗಿ ಎರಡು ಸಂಜೆ ಹೋದವು.

ದಾಳಿ ಮಾಡಿ ಪರೀಕ್ಷಿಸುವ ಉಪಕರಣ ಸ್ಯಾಮಲ್ ರೇಡರ್‌ನ ಎಂಟೂ ರ‍್ಯಾಪಿಂಗ್ ದಾಳಿ (ಸಹಿಯಾದ ಭಾಗವನ್ನು ಬೇರೆಡೆ ಸರಿಸಿ ನಕಲಿ ಭಾಗ ತೂರಿಸೋದು) ಠುಸ್. ಸಹಿ ಕಿತ್ತು ಕಳಿಸಿದೆ, ಅದೂ ಇಲ್ಲ. ಸುಮ್ನೆ ಒಂದೇ ರೆಸ್ಪಾನ್ಸನ್ನು ಎರಡು ಸಲ ಕಳಿಸಿ ನೋಡಿದೆ. ಎರಡನೇ ಸಲವೂ ತಗೊಂಡಿತು! ರೆಸ್ಪಾನ್ಸಿನ ಒಳಗಿನ ಹೇಳಿಕೆಯ ಗುರುತು, ಅಂದರೆ ಅಸರ್ಷನ್ ಐಡಿಯನ್ನು ಆ್ಯಪು ನೆನಪಿಟ್ಟುಕೊಳ್ಳುತ್ತಲೇ ಇರಲಿಲ್ಲ.

ಆಮೇಲೆ ಹಿಡಿದದ್ದು 2018ರಲ್ಲಿ ಡ್ಯುಯೊ ಅನ್ನೋ ಭದ್ರತಾ ಕಂಪನಿಯ ಸಂಶೋಧಕರು ಹೊರಗೆಳೆದ ಕಾಮೆಂಟ್ (ಯಂತ್ರ ಲೆಕ್ಕಕ್ಕೆ ತಗೊಳ್ಳದ ಟಿಪ್ಪಣಿ) ದಾರಿ. ‘ಅದು ಹಳೇದು, ಎಲ್ಲ ಕಡೆ ಮುಚ್ಚಿದ್ದಾರೆ’ ಅಂದವರೇ ಜಾಸ್ತಿ. ಫೀಸು ಕೌಂಟರಿನ ಐಡಿ ‘ಕ್ಯಾಷಿಯರ್’. ನಾನು ‘ಕ್ಯಾಷಿಯರ್2’ ಅಂತ ಖಾತೆ ಮಾಡಿ ಲಾಗಿನ್ ಆದೆ. ಬ್ರೌಸರಿನ ಸಂದೇಶಗಳನ್ನು ತಿದ್ದಬಲ್ಲ ಬರ್ಪ್‌ನಲ್ಲಿ ರೆಸ್ಪಾನ್ಸ್ ತಡೆದು, ಆ 2ಕ್ಕಿಂತ ಮೊದಲು ಒಂದು ಖಾಲಿ ಎಕ್ಸ್‌ಎಂಎಲ್ ಕಾಮೆಂಟ್ ತೂರಿಸಿದೆ. ಸಹಿ ತಾಳೆ ನೋಡುವ ಮೊದಲು ಎಕ್ಸ್‌ಎಂಎಲ್ ಅನ್ನು ಒಂದೇ ಅಚ್ಚಿಗೆ ತರುವಾಗ (ಕೆನಾನಿಕಲೈಸ್) ಕಾಮೆಂಟ್ ಉದುರುತ್ತೆ, ಹಾಗಾಗಿ ಸಹಿ ಪಾಸ್. ಆ್ಯಪು ಮಾತ್ರ ಕಾಮೆಂಟಿಗಿಂತ ಮೊದಲಿನ ಅಕ್ಷರಗಳನ್ನಷ್ಟೇ ಓದಿತು. ಕ್ಯಾಷಿಯರ್ ಪರದೆ ತೆರೆದುಕೊಂಡಿತು.

ಎಲ್ಲರ ಮುಂದೆ ಮಾಡಿ ತೋರಿಸಿದೆ. ಅಕೌಂಟೆಂಟ್ ಕೇಳಿದರು, ‘ನನ್ನ ಪಾಸ್‌ವರ್ಡ್ ಬದಲಿಸಿದ್ರೆ ಹೋಗುತ್ತಾ?’ ‘ಇಲ್ಲ ಸರ್, ನಿಮ್ಮ ಪಾಸ್‌ವರ್ಡಿಗೂ ಇದಕ್ಕೂ ಸಂಬಂಧಾನೇ ಇಲ್ಲ.’ ‘ಮುಚ್ಚಿದ್ದಾರೆ’ ಅಂದಿದ್ದವರು ಆಮೇಲೆ ಮಾತಾಡಲಿಲ್ಲ.

ಆ್ಯಪಿನ ಸ್ಯಾಮಲ್ ಕೋಡ್ ಲೈಬ್ರರಿ ಅಪ್‌ಗ್ರೇಡ್ ಮಾಡಿದರೆ ಕಾಮೆಂಟ್ ಕಾಟ ತಪ್ಪುತ್ತೆ, ಆದರೆ ಅಷ್ಟಕ್ಕೇ ಬಿಡಬೇಡಿ. 2025ರಲ್ಲಿ ರೂಬಿ-ಸ್ಯಾಮಲ್ ಅನ್ನೋ ಲೈಬ್ರರಿ ಸಿಕ್ಕಿಬಿದ್ದದ್ದು ಒಂದೇ ಕಡತವನ್ನು ಎರಡು ಪಾರ್ಸರ್ (ಎಕ್ಸ್‌ಎಂಎಲ್ ಓದುವ ಕೋಡ್) ಬೇರೆ ಬೇರೆಯಾಗಿ ಓದಿದ್ದಕ್ಕೆ. ಹಾಗಾಗಿ ಸಹಿ ತಾಳೆಯಾದ ಭಾಗದಿಂದಲೇ ಹೆಸರು ಎತ್ತುವ ಹಾಗೆ ಕೋಡ್ ತಿದ್ದಿಸಿದೆ. ಅಸರ್ಷನ್ ಐಡಿಗಳು ಈಗ ಅವಧಿ ಮುಗಿಯೋವರೆಗೂ ಡೇಟಾಬೇಸ್ ಆದ ರೆಡಿಸ್‌ನಲ್ಲಿ ಕೂತಿರುತ್ತವೆ.

ಕಾಮೆಂಟ್ ಕೂರಿಸಲು ಇನ್ನೊಂದು ಜಾಗ ಇದೆ. ನಮ್ಮ ಇನ್ನೊಂದು ಆ್ಯಪ್ ಸರಿಯಾಗೋವರೆಗೆ ಅದನ್ನು ಬರೆಯಲ್ಲ. ಒಟ್ಟು ಖರ್ಚು ಹತ್ತು ಸಾವಿರದೊಳಗೆ. ಡೆಸ್ಕ್‌ಟಾಪ್ ಬಿಲ್ಲು ಇನ್ನೂ ಪಾಸಾಗಿಲ್ಲ.