ಊರು ಬಿಟ್ಟು ಹೋದ ಹಿರಿಯರನ್ನು ಹುಡುಕುವುದು ಹೇಗೆ

ನಮ್ಮ ಕಡೆ ಬಹಳ ಮನೆಗಳಲ್ಲಿ ಇಂಥವರೊಬ್ಬರು ಇದ್ದಾರೆ. ಮುತ್ತಜ್ಜನ ಅಣ್ಣನೋ, ಅಜ್ಜಿಯ ಚಿಕ್ಕಪ್ಪನೋ ಬರದ ಕಾಲದಲ್ಲಿ ಹೋದರಂತೆ, ಆಮೇಲೆ ಸುದ್ದಿ ಇಲ್ಲ ಅನ್ನುತ್ತಾರೆ. ಅಲ್ಲಿಗೆ ಮಾತು ನಿಂತುಬಿಡುತ್ತದೆ. ನಾನು ಕಡೂರು ತಾಲ್ಲೂಕಿನ ಬಯಲು ಹಳ್ಳಿಯವಳು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ನಮ್ಮ ಮನೆಯಲ್ಲಿ ಹಾಗೆ ಹೋದವರು ಮುತ್ತಜ್ಜನ ಅಣ್ಣ. ಅವರನ್ನು ಹುಡುಕಲು ಹಿಡಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಬೇಕು. ಆ ಕಾಲದ ಸರ್ಕಾರ ಲೆಕ್ಕ ಇಟ್ಟದ್ದು ಜಮೀನಿಗೆ ಮತ್ತು ಕಂದಾಯಕ್ಕೆ. ಹಳ್ಳಿಯವರ ಹುಟ್ಟು ಸಾವಿನ ದಾಖಲೆ ಸಿಗುವುದು ತೀರಾ ಅಪರೂಪ. 1871, 1881, 1891ರಲ್ಲಿ ಜನಗಣತಿ ಆಯಿತು, ನಿಜ. ಆದರೆ ನಮ್ಮ ಕೈಗೆ ಸಿಗುವುದು ಒಟ್ಟು ಅಂಕಿ ಅಷ್ಟೇ, ಮನೆಮನೆಯ ಹೆಸರಲ್ಲ. ಹಾಗಾಗಿ ಹೋದವರ ಹೆಸರು ಹಿಡಿದು ಹೊರಟರೆ ದಾರಿ ಬೇಗ ಮುಗಿಯುತ್ತದೆ. ಅವರು ಬಿಟ್ಟುಹೋದ ಹೊಲವನ್ನು ಹಿಡಿಯಿರಿ. ಊರಲ್ಲಿ ಉಳಿದವರ ಕಾಗದ ನೋಡಿ.

ಕಚೇರಿಗೆ ಹೋಗುವ ಮೊದಲು ಮನೆಯ ಹಿರಿಯ ಹೆಂಗಸರ ಹತ್ತಿರ ಕೂತುಕೊಳ್ಳಿ. ಯಾವ ಇಸವಿ ಎಂದು ಕೇಳಬೇಡಿ. ಯಾವ ಸಂವತ್ಸರ, ಯಾವ ಬರ, ಆಗ ಮನೆಯಲ್ಲಿ ಯಾವ ಮಗು ಹುಟ್ಟಿತ್ತು ಎಂದು ಕೇಳಿ. ನಮ್ಮ ಅಜ್ಜಿ 'ಧಾತು ಈಶ್ವರದಲ್ಲಿ ಹೋದರು' ಅನ್ನುತ್ತಿದ್ದರು. ಧಾತು ಸಂವತ್ಸರ ಅಂದರೆ 1876–77, ಈಶ್ವರ ಅಂದರೆ 1877–78. ಮೈಸೂರು ಸೀಮೆಯನ್ನು ಹಿಂಡಿದ ಬರ ಅದು. 1871ರಲ್ಲಿ ಸುಮಾರು 50.5 ಲಕ್ಷ ಇದ್ದ ಜನ 1881ರ ಹೊತ್ತಿಗೆ 41.8 ಲಕ್ಷಕ್ಕೆ ಇಳಿದಿದ್ದರು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಅನ್ನುವುದು ನೆನಪಿರಲಿ. ಧಾತು 1816ರಲ್ಲೂ ಬಂದಿತ್ತು, 1936ರಲ್ಲೂ ಬಂತು. ಯಾವ ಧಾತು ಎಂಬುದನ್ನು ತಲೆಮಾರು ಲೆಕ್ಕ ಹಾಕಿ ತೀರ್ಮಾನಿಸಬೇಕು. ಕಾಗದದಲ್ಲಿ ಶಾಲಿವಾಹನ ಶಕ ಇದ್ದರೆ ಸುಲಭ. ಅದಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ.

ಪಿತೃಪಕ್ಷದಲ್ಲಿ ಎಡೆ ಇಡುವಾಗ ಯಾರ್ಯಾರ ಹೆಸರು ಹೇಳುತ್ತಾರೆ, ಕಿವಿಗೊಟ್ಟು ಕೇಳಿ. ಸತ್ತ ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ದಿನ ಎಡೆ ಇಡುತ್ತಾರೆ. ಬೇರೆ ಯಾವ ಕಾಗದದಲ್ಲೂ ಇಲ್ಲದ ಹೆಸರು ಅಲ್ಲಿ ಸಿಕ್ಕೀತು.

ಹೆಸರಿನ ತೊಡಕು ದೊಡ್ಡದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಪದ್ಧತಿ. ಹಾಗಾಗಿ ತಿಮ್ಮೇಗೌಡನ ಮಗ ಬೋರೇಗೌಡ, ಅವನ ಮಗ ಮತ್ತೆ ತಿಮ್ಮೇಗೌಡ ಆಗಿರುತ್ತಾನೆ. ದಾಖಲೆಯಲ್ಲಿ 'ತಿಮ್ಮೇಗೌಡ ಬಿನ್ ಬೋರೇಗೌಡ' ಎಂದು ಕಂಡರೆ ತಕ್ಷಣ ಖುಷಿಪಡಬೇಡಿ. ಅದು ಅಜ್ಜನೂ ಇರಬಹುದು, ಮೊಮ್ಮಗನೂ ಇರಬಹುದು. ಹೆಸರು, ತಂದೆಯ ಹೆಸರು, ಊರು, ಕಾಲ ನಾಲ್ಕೂ ಕೂಡಿ ಬರಬೇಕು. ಹೆಂಗಸರ ಹೆಸರಿನ ಮುಂದೆ ಸಾಮಾನ್ಯವಾಗಿ 'ಕೋಂ' ಎಂದು ಗಂಡನ ಹೆಸರು ಇರುತ್ತದೆ. ತಂದೆಯ ಹೆಸರೂ ತವರೂರೂ ಅಲ್ಲಿ ಬರುವುದೇ ಇಲ್ಲ. ಹೆಣ್ಣು ಹಿರಿಯರನ್ನು ಹುಡುಕುವವರು ದಾನಪತ್ರ, ಜೀವನಾಂಶದ ದಾವೆ, ವಿಧವೆಯ ಹೆಸರಿಗಾದ ಪೌತಿ ಖಾತೆ (ಖಾತೆದಾರ ಸತ್ತ ಮೇಲೆ ವಾರಸುದಾರರಿಗೆ ಬದಲಾದ ಖಾತೆ) ಇವುಗಳನ್ನು ಬಿಡದೆ ನೋಡಬೇಕು.

ಈಗ ಜಮೀನಿನ ದಾರಿ. ಇವತ್ತಿನ ಪಹಣಿಯಿಂದ ಹಿಂದಕ್ಕೆ ನಡೆಯಬೇಕು. ಕಂಪ್ಯೂಟರ್ ಪಹಣಿ, ಅದರ ಹಿಂದೆ ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರ್, ಅದರ ಹಿಂದೆ ಐಎಲ್ (ಇಂಡೆಕ್ಸ್ ಆಫ್ ಲ್ಯಾಂಡ್ಸ್) ಮತ್ತು ಆರ್‌ಆರ್ (ರೆಕಾರ್ಡ್ ಆಫ್ ರೈಟ್ಸ್) ಪುಸ್ತಕ. ಇಷ್ಟು ತಾಲ್ಲೂಕು ಕಚೇರಿಯಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದು ಮೊದಲ ಸರ್ವೆ ಮತ್ತು ಸೆಟ್ಲ್‌ಮೆಂಟ್ ಕಾಲದ್ದು, ಅಂದರೆ ನೆಲ ಅಳೆದು ಕಂದಾಯ ಗೊತ್ತುಮಾಡಿದ ಕಾಲದ್ದು. ಆ ಸರ್ವೆ ಮೈಸೂರು ಸೀಮೆಯಲ್ಲಿ 1863ರಲ್ಲಿ ಶುರುವಾಗಿ, ತಾಲ್ಲೂಕಿನಿಂದ ತಾಲ್ಲೂಕಿಗೆ ಸಾಗಿ, ಹೆಚ್ಚು ಕಡಿಮೆ ಶತಮಾನದ ಕೊನೆವರೆಗೆ ನಡೆಯಿತು. ಟಿಪ್ಪಣಿ (ಹೊಲದ ಅಳತೆಯ ಹಾಳೆ) ಮತ್ತು ಆಕಾರಬಂದ್ ಸರ್ವೆ ಕಚೇರಿಯಲ್ಲಿರುತ್ತವೆ. ಆಕಾರಬಂದ್ ವಿಸ್ತೀರ್ಣ, ಕಂದಾಯ ಹೇಳುತ್ತದೆ. ಖಾತೆದಾರರ ಹೆಸರು ಬೇಕಿದ್ದರೆ ಸೆಟ್ಲ್‌ಮೆಂಟ್ ಕಾಲದ ಖೇತವಾರು ಪತ್ರಿಕೆ ಕೇಳಿ.

ನಕಲು ಅರ್ಜಿ ಕೊಡುವಾಗ ಸುಮ್ನೆ 'ಹಳೇ ದಾಖಲೆ ಕೊಡಿ' ಎಂದು ಬರೆಯಬೇಡಿ. ಗ್ರಾಮ, ಹೋಬಳಿ, ಸರ್ವೆ ನಂಬರ್, ಯಾವ ಪುಸ್ತಕ, ಸುಮಾರು ಯಾವ ವರ್ಷ ಎಂದು ಬಿಡಿಸಿ ಬರೆಯಿರಿ. ಶಿಥಿಲವಾಗಿದೆ, ಲಭ್ಯವಿಲ್ಲ ಅಂದರೆ ಅದನ್ನು ಹಿಂಬರಹದಲ್ಲಿ ಬರೆಸಿಕೊಳ್ಳಿ. ಆ ಹಿಂಬರಹ ಇಟ್ಟುಕೊಂಡು ಸರ್ವೆ ಕಚೇರಿಯಲ್ಲೂ ಜಿಲ್ಲಾಧಿಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲೂ ಕೇಳಬಹುದು. ಒಂದು ಕಡೆ ಹುಳ ತಿಂದದ್ದು ಇನ್ನೊಂದು ಕಡೆ ಉಳಿದಿರುತ್ತದೆ. ನಾನು ಒಳಗಿದ್ದು ಕಂಡದ್ದು ಇದು.

ಊರು ಬಿಟ್ಟವರ ಹೊಲಕ್ಕೆ ಏನಾಯಿತು ಎನ್ನುವುದೇ ನಿಮ್ಮ ಮುಖ್ಯ ಪ್ರಶ್ನೆ. ಹೊಲ ಬೇಡವೆಂದು ಸರ್ಕಾರಕ್ಕೆ ರಾಜೀನಾಮೆ ಬರೆದುಕೊಟ್ಟರೇ? ಕಂದಾಯ ಕಟ್ಟದೆ ಹರಾಜಾಯಿತೆ? ತಮ್ಮನ ಹೆಸರಿಗೆ ಬಂತೆ? 'ಪೌತಿ' ಎಂದು ಬರೆದಿದ್ದರೆ ಸತ್ತರೆಂದು ಮನೆಯವರು ಒಪ್ಪಿದ್ದಾರೆ. 'ರಾಜೀನಾಮೆ' ಎಂದಿದ್ದರೆ ಆ ಹೊತ್ತಿಗೆ ಅವರು ಬದುಕಿದ್ದರು, ಯೋಚನೆ ಮಾಡಿಯೇ ಹೊರಟರು.

ಜನ ಮರೆಯುವ ಒಂದು ಜಾಗ ಇದೆ. ಅಕ್ಕಪಕ್ಕದ ಹೊಲದವರ ಕ್ರಯಪತ್ರ. ಹಳೆಯ ಪತ್ರಗಳಲ್ಲಿ ಚಕ್ಕುಬಂದಿ ಬರೆಯದೆ ಬಿಡುತ್ತಿರಲಿಲ್ಲ. ಮೂಡಲಿಗೆ ಇಂಥವರ ಹೊಲ, ಪಡುವಲಿಗೆ ಹಳ್ಳ, ತೆಂಕಲಿಗೆ ಗುಡಿ ಮಾನ್ಯ, ಬಡಗಲಿಗೆ ಇಂಥವರ ಹಿತ್ತಲು ಎಂದು. ನಮ್ಮ ಮನೆಯ ಕಾಗದಗಳಲ್ಲಿ ಮುತ್ತಜ್ಜನ ಅಣ್ಣನ ಹೆಸರು ಎಲ್ಲೂ ಇರಲಿಲ್ಲ. ಪಕ್ಕದ ಹೊಲದವರು ಚಿತ್ರಭಾನು ಸಂವತ್ಸರದಲ್ಲಿ, ಅಂದರೆ 1882–83ರಲ್ಲಿ, ಬರೆಸಿದ ಪತ್ರ ಅವರ ಮರದ ಪೆಟ್ಟಿಗೆಯಲ್ಲಿತ್ತು. ಅದರಲ್ಲಿ ಪಡುವಲ ಎಲ್ಲೆಗೆ ನಮ್ಮ ದೊಡ್ಡ ಮುತ್ತಜ್ಜನ ಹೆಸರು, ತಂದೆಯ ಹೆಸರಿನ ಸಮೇತ ಇತ್ತು. ಬರ ಮುಗಿದು ವರ್ಷಗಳಾಗಿದ್ದರೂ ಆ ಹೊಲ ಅವರದೇ ಎಂದು ಊರು ಒಪ್ಪಿತ್ತು. ಅದೇ ಮನೆಯವರ ವಿರೋಧಿ ಸಂವತ್ಸರದ, 1889–90ರ, ಇನ್ನೊಂದು ಪತ್ರದಲ್ಲಿ ಅದೇ ಎಲ್ಲೆಗೆ ನಮ್ಮ ಮುತ್ತಜ್ಜನ ಹೆಸರು ಬಂದಿದೆ. ಅಣ್ಣ ತಿರುಗಿ ಬರುತ್ತಾನೆಂದು ತಮ್ಮ ಎಷ್ಟು ವರ್ಷ ಕಾದಿದ್ದಾನೆ ಎನ್ನುವುದು ಆ ಎರಡು ಹಾಳೆಗಳಿಂದಲೇ ನನಗೆ ತಿಳಿದದ್ದು. ಓದುವಾಗ ಕಣ್ಣು ತುಂಬಿ ಬಂತು.

ಸರ್ವೆಗೆ ಮುಂಚಿನ ಪತ್ರದಲ್ಲಿ ಎಕರೆ ಗುಂಟೆ ಇರುವುದಿಲ್ಲ. ಎಷ್ಟು ಖಂಡುಗ, ಎಷ್ಟು ಕೊಳಗ ಬೀಜ ಬೀಳುವ ನೆಲ ಎಂದಿರುತ್ತದೆ. ಹೊಲದ ಹೆಸರು ಬರೆದಿಟ್ಟುಕೊಳ್ಳಿ. ಮಾಲೀಕರು ಬದಲಾದರೂ ಹೊಲದ ಹೆಸರು ಬದಲಾಗುವುದು ಕಡಿಮೆ.

ಹಳೆಯ ಶಾನುಭೋಗರ ಮನೆಗಳಿಗೂ ಹೋಗಿ. ವಂಶಪಾರಂಪರ್ಯದ ಗ್ರಾಮಾಧಿಕಾರ 1960ರ ದಶಕದಲ್ಲಿ ಹೋಯಿತು, ಆದರೆ ಕೆಲವರ ಅಟ್ಟದಲ್ಲಿ ಕಡತಗಳು ಇನ್ನೂ ಇವೆ. ಹುಣಸೆ ಬೀಜದ ಸರಿ ಮತ್ತು ಇದ್ದಿಲು ಬಳಿದ ಬಟ್ಟೆ, ಅದರ ಮೇಲೆ ಬಳಪದ ಬರಹ. ಬೆರಳು ಉಜ್ಜಿದರೆ ಅಕ್ಷರವೇ ಅಳಿಸಿಹೋಗುತ್ತದೆ. ಮುಟ್ಟದೆ, ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಮನೆಗೆ ಒಯ್ಯುತ್ತೇನೆ ಎಂದು ಕೇಳಲೇಬೇಡಿ. ಮೋಡಿ ಅಕ್ಷರ, ಅಂದರೆ ಕೂಡಿಸಿ ಬರೆಯುವ ಹಳೆಯ ಕಾಲದ ಲಿಪಿ, ಆದರೆ ಓದಬಲ್ಲ ಹಿರಿಯರನ್ನು ಹುಡುಕಬೇಕಾಗುತ್ತದೆ.

ಊರಿನ ಹೆಸರಿಗಿಂತ ತಾಲ್ಲೂಕಿನ ಹೆಸರು ಜಾಸ್ತಿ ಮೋಸ ಮಾಡುತ್ತದೆ. ಈಗಿನ ಚಿಕ್ಕಮಗಳೂರು ಜಿಲ್ಲೆ 1947ರವರೆಗೆ ಕಡೂರು ಜಿಲ್ಲೆ. ಸಕಲೇಶಪುರ ಆಗ ಮಂಜರಾಬಾದ್ ತಾಲ್ಲೂಕು. ಅರಸೀಕೆರೆ ಕಡೆಯದು ಹಾರನಹಳ್ಳಿ ತಾಲ್ಲೂಕು. ನರಸಿಂಹರಾಜಪುರ ಆಗ ಎಡೇಹಳ್ಳಿ. ಗ್ರಾಮವೇ ಸಿಗದಿದ್ದರೆ ಬೇಚರಾಕ್ ಗ್ರಾಮಗಳ ಪಟ್ಟಿ ನೋಡಿ. ಜನ ಬಿಟ್ಟುಹೋದ ಊರಿಗೂ ಸರ್ವೆ ನಕ್ಷೆ ಇರುತ್ತದೆ.

ನ್ಯಾಯಾಲಯದ ಹಳೆಯ ಪಾಲು ದಾವೆಗಳು ನಾಡಕಚೇರಿಯ ವಂಶವೃಕ್ಷಕ್ಕಿಂತ ಎಷ್ಟೋ ಮೇಲು. ನಾಡಕಚೇರಿಯದು ಹತ್ತಿರದ ತಲೆಮಾರಿಗೇ ನಿಲ್ಲುತ್ತದೆ. ದಾವೆಯಲ್ಲಿ ಮೂಲಪುರುಷನಿಂದ ಹಿಡಿದು ಎಲ್ಲ ಕವಲು ಬರೆದಿರುತ್ತಾರೆ. ಏಳು ವರ್ಷ ಸುದ್ದಿ ಇಲ್ಲದವರನ್ನು ಸತ್ತರೆಂದು ಭಾವಿಸಬಹುದು ಎಂದು 1872ರ ಸಾಕ್ಷ್ಯ ಕಾಯ್ದೆಯಲ್ಲಿತ್ತು. ಹಾಗಾಗಿ ಕಾಣೆಯಾದವರ ಪಾಲಿನ ಜಗಳದಲ್ಲಿ ಅವರನ್ನು ಕೊನೆಗೆ ಎಲ್ಲಿ, ಯಾವಾಗ ಕಂಡರು ಎಂದು ಯಾರಾದರೂ ಸಾಕ್ಷಿ ಹೇಳಿರುವ ಸಾಧ್ಯತೆ ಇರುತ್ತದೆ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸಾಮಾನ್ಯ ರೈತರ ಹೆಸರು ಕಡಿಮೆ. ಇನಾಮು, ಪಟೇಲಿಕೆ, ಶಾನುಭೋಗಿಕೆ ಇದ್ದ ಮನೆಯಾದರೆ ಅಲ್ಲಿಗೂ ಹೋಗಿ. ಕ್ರೈಸ್ತ ಮನೆತನವಾದರೆ ಚರ್ಚಿನ ಜ್ಞಾನಸ್ನಾನ, ಮದುವೆ, ಸಮಾಧಿ ರಿಜಿಸ್ಟರ್‌ಗಳೇ ಮೊದಲ ಬಾಗಿಲು.

ಇನ್ನು, ಹೋದವರು ಎಲ್ಲಿಗೆ ಹೋದರು? ಬಯಲುಸೀಮೆಯವರಾದರೆ ಮೊದಲು ಘಟ್ಟದ ಕಡೆ ನೋಡಿ. ಬರದ ಪೆಟ್ಟು ಮಲೆನಾಡಿಗೆ ಕಡಿಮೆ. ಮಂಜರಾಬಾದ್, ಮೂಡಿಗೆರೆ, ಬಾಬಾಬುಡನ್‌ಗಿರಿ ಕಡೆ ಆ ಹೊತ್ತಿಗೆ ಕಾಫಿ ತೋಟಗಳು ಎದ್ದಿದ್ದವು, ಮೇಸ್ತ್ರಿಗಳು ಮುಂಗಡ ಕೊಟ್ಟು ಆಳು ಕರೆದೊಯ್ಯುತ್ತಿದ್ದರು. ತೋಟದ ಹಳೆಯ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಉಳಿದಿರುವುದು ಕಡಿಮೆ, ಆದರೂ ಕೇಳಿ ನೋಡಿ. ಸಮುದ್ರ ದಾಟಿದವರೂ ಇದ್ದಾರೆ. ಮದ್ರಾಸಿನಿಂದ ದಕ್ಷಿಣ ಆಫ್ರಿಕಾದ ನಟಾಲಿಗೆ 1860ರಿಂದ 1911ರವರೆಗೆ ಕೂಲಿಗಳು ಹೋದರು. ಆ ಹಡಗಿನ ಪಟ್ಟಿಗಳಲ್ಲಿ ತಂದೆಯ ಹೆಸರು, ಊರು, ಜಿಲ್ಲೆ ಬರೆದಿದೆ. ಮಾರಿಷಸ್‌ಗೆ ಹೋದವರ ದಾಖಲೆ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿದೆ.

ಘಟ್ಟದಲ್ಲಿ ಹುಡುಕಲು ನನಗೆ ಹೆಚ್ಚು ನೆರವಾದದ್ದು ಮನೆದೇವರು. ಊರು ಬಿಟ್ಟವರು ಹೊಲ ಬಿಡುತ್ತಾರೆ, ಮನೆದೇವರನ್ನು ಬಿಡುವುದಿಲ್ಲ. ಮಲೆನಾಡಿನಲ್ಲಿ ನೆಲೆಸಿ, ಬಯಲುಸೀಮೆಯ ಅಂತರಘಟ್ಟಮ್ಮನಿಗೋ ಜೇನುಕಲ್ ಸಿದ್ಧೇಶ್ವರನಿಗೋ ಹರಕೆ ಹೊರುವ ಮನೆ ಕಂಡರೆ ನಿಂತು ಮಾತಾಡಿಸಿ. ನಿಮ್ಮ ಮನೆದೇವರ ಗುಡಿಯ ಪೂಜಾರಿಗಳನ್ನೇ ಕೇಳಿ, ದೂರದಿಂದ ಬರುವ ಒಕ್ಕಲು ಯಾರು ಎಂದು. ನನಗೆ ಮೂಡಿಗೆರೆ ಕಡೆಯ ಮನೆಯ ಸುಳಿವು ಸಿಕ್ಕಿದ್ದು ಹೀಗೆ. ಆಮೇಲೆ ಅಲ್ಲಿನ ಸೆಟ್ಲ್‌ಮೆಂಟ್ ಪುಸ್ತಕದಲ್ಲಿ ಹೆಸರೂ ತಂದೆಯ ಹೆಸರೂ ಹೊಂದಿಕೊಂಡವು. ಆ ಮನೆಯವರ ಬಾಯಲ್ಲೂ 'ಬರದಲ್ಲಿ ಬಯಲಿಂದ ಬಂದವರು' ಎಂಬ ಮಾತಿತ್ತು. ಬೇರೆ ಬೇರೆ ಮೂಲದ ಇಂಥ ಮೂರು ಸಾಕ್ಷಿ ಒಂದಾಗುವವರೆಗೆ ನಂಟು ಹೇಳಬೇಡಿ. ಮನೆಮನೆಯ ವಂಶಾವಳಿ ಬರೆದಿಟ್ಟು ಹೇಳುವ ಹೆಳವರು ನಿಮ್ಮ ಊರಿಗೆ ಬರುವುದಾದರೆ ಅವರ ವಂಶಾವಳಿ ಪುಸ್ತಕವನ್ನೂ ಓದಿಸಿ, ಕೊಡಬೇಕಾದ ದವಸ ಮನಸಾರೆ ಕೊಡಿ.

ಸಿಕ್ಕ ಮನೆಗೆ ಹೋಗುವಾಗ ಸರ್ವೆ ನಂಬರಿನ ಕಾಗದ ಮುಂದಿಡಬೇಡಿ. ಪಾಲು ಕೇಳಲು ಬಂದಿದ್ದಾರೆ ಎಂಬ ಭಯ ಯಾರಿಗಾದರೂ ಬರುತ್ತದೆ, ಅಲ್ವಾ? ಜಮೀನಿನ ವಿಷಯಕ್ಕೆ ಬಂದಿಲ್ಲ ಎಂದು ಬಾಗಿಲಲ್ಲೇ ಹೇಳಿ. ಮನೆಯ ಹಿರಿಯರನ್ನು ಮೊದಲು ಮಾತಾಡಿಸಿ, ನಿಮ್ಮ ಕಡೆಯ ವಂಶವೃಕ್ಷ ಕೊಡಿ. ಅವರ ಕಡೆಯ ಹೆಸರುಗಳನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ. ಹೆಣ್ಣುಮಕ್ಕಳ ಹೆಸರನ್ನೂ, ಅವರನ್ನು ಕೊಟ್ಟ ಊರನ್ನೂ ಸೇರಿಸಿ.